ಮಷೀನ್ ಬರ್ಲಿ, ಉತ್ತರ ಮಾತ್ರ ಬೋರಿನ ಮ್ಯಾಲೆ ಬರೀಲಿ

ನೀರು ಛಲೋ ಅದನೋ ಇಲ್ಲೋ ಅನ್ನೂದನ್ನ ನಾವು ಅಡಗಿ ಮನ್ಯಾಗೇ ಹೇಳಿಬಿಡ್ತೀವಿ. ಬ್ಯಾಳಿ ಬೇಯಲಿಲ್ಲಂದ್ರ ಗಡಸ ನೀರು, ಕೊಡದಾಗ ಕೆಂಪ ಕಲಿ ಬಿತ್ತಂದ್ರ ಕಬ್ಬಿಣ. ಆದ್ರ ಅಕ್ಕಂದಿರಾ, ಆರ್ಸೆನಿಕ್ ಅನ್ನೋ ವಿಷ ನಮ್ಮ ಈ ಯಾವ ಲೆಕ್ಕಕ್ಕೂ ಸಿಗೂದಿಲ್ಲ. ಬಣ್ಣಿಲ್ಲ, ವಾಸನಿಲ್ಲ, ರುಚಿನೂ ಇಲ್ಲ. ಕುದಿಸಿದ್ರೂ ಹೋಗೂದಿಲ್ಲ, ನೀರು ಆರಿದಷ್ಟು ಉಳಿದದ್ರಾಗ ಇನ್ನೂ ಗಟ್ಟಿ ಆಗ್ತದ. ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ ಹೇಳ್ತದ.

ಇದು ದೂರದ ಮಾತಲ್ಲ. ಯಾದಗಿರಿ ಜಿಲ್ಲಾದ ಕಿರದಳ್ಳಿ ತಾಂಡಾದಾಗ ಇದೇ ನೀರು ಕುಡಿದ ಮಂದಿಗೆ ಮೈಮ್ಯಾಲೆ ಕಲಿ ಎದ್ದು, ಅಂಗೈ ಅಂಗಾಲು ಒರಟಾದ್ವು.

ಹಳೀ ಕಿಟ್ಟಿನ್ಯಾಗ ನೀರಿಗೆ ಆಮ್ಲ, ಸತುವಿನ ಪುಡಿ ಹಾಕ್ತಾರ. ಎದ್ದ ಗ್ಯಾಸಿಗೆ ಕಾಗದದ ಪಟ್ಟಿ ಹಳದಿ ಆಗ್ತದ, ವಿಷ ಹೆಚ್ಚಿದ್ರ ಕಂದು. ಆ ಬಣ್ಣ ಒಬ್ಬರಿಗೆ ಒಂದು ಕಂಡ್ರ ಇನ್ನೊಬ್ಬರಿಗೆ ಇನ್ನೊಂದು. ಈಗ ಮಷೀನೇ ಓದಿ ಅಂಕಿ ಹೇಳ್ತದ. ಬರ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಆ ಅಂಕಿ ಆಫೀಸಿನ ಕಂಪ್ಯೂಟರಿಗೆ ಹೋಗಿ ಕುಂತ್ರ ಕೊಡ ಹೊತ್ತಾಕಿಗೆ ಏನು ಬಂತು?

ಬಾಂಗ್ಲಾದೇಶದಾಗ 2000ರ ಆಸುಪಾಸು ಸುಮಾರು 50 ಲಕ್ಷ ಕೊಳವೆಬಾವಿ ಪರೀಕ್ಷಾ ಮಾಡಿದ್ರು. ವಿಷ ಇದ್ದದ್ದಕ್ಕ ಕೆಂಪು, ಇಲ್ಲದ್ದಕ್ಕ ಹಸಿರು ಬಣ್ಣ ಬಳದ್ರು. ಅಕ್ಷರ ಬರದಾಕಿಗೂ ತಿಳೀತು. ಎಷ್ಟೋ ಮಂದಿ ಕೆಂಪು ಬಿಟ್ಟು ನೆರಮನಿ ಹಸಿರು ಬಾವಿಗೆ ಹೋದ್ರು. ಆಮ್ಯಾಲೆ ಬಣ್ಣ ಮಾಸ್ತು, ಹೊಸ ಬಾವಿ ಕೊರದ್ರು, ಅವನ್ನ ನೋಡವ್ರು ಯಾರೂ ಇಲ್ಲದಂಗಾತು. ಒಮ್ಮೆ ಮಾಡಿ ಕೈ ತೊಳಕೊಳ್ಳೋ ಕೆಲಸಲ್ಲ ಇದು.

ನನ್ನ ಮಾತು ಇಷ್ಟ. ಜಲಜೀವನ್ ಮಿಷನ್ನಿನ್ಯಾಗ ಊರಿಗೆ ಐದು ಮಂದಿ ಹೆಣ್ಮಕ್ಕಳಿಗೆ ನೀರಿನ ಪರೀಕ್ಷಾ ಕಲಿಸಬೇಕಂತ ಅದ. ಆರ್ಸೆನಿಕ್ ಮಷೀನ್ ಅವ್ರ ಕೈಯಾಗ ಕೊಡ್ರಿ. ಮಷೀನೂ ತಪ್ಪಬಹುದು, ಒಂದಿಷ್ಟು ಬಾಟಲಿ ಲ್ಯಾಬಿಗೂ ಕಳಿಸ್ರಿ. ಅಂಕಿ ಬೋರಿನ ಮ್ಯಾಲೆ ತಾರೀಖ ಸಮೇತ ಬರೀರಿ. ಕೆಂಪು ಬಳದ ದಿನಾನೇ ಬ್ಯಾರೆ ನೀರು ಎಲ್ಲಿಂದ ಅನ್ನೂದನ್ನೂ ಹೇಳ್ರಿ. ಇಲ್ಲಂದ್ರ ದೂರದಿಂದ ಕೊಡ ಹೊರೂದು ನಮ್ಮ ತಲಿಗೇ ಬರ್ತದ.

ಮುಂದಿನ ಗ್ರಾಮಸಭಾದಾಗ ಒಂದು ಪ್ರಶ್ನೆ ಕೇಳ್ರಿ ವೈನಿ: ನಮ್ಮ ಬೋರ್ ಆರ್ಸೆನಿಕ್‌ಗೆ ಕಡೀಕ ಯಾವಾಗ ಪರೀಕ್ಷಾ ಆತು? ಉತ್ತರ ಬರೂತನ ಏಳಬ್ಯಾಡ್ರಿ.