ಬೌರಿಂಗ್ ಆಸ್ಪತ್ರೆಯ ನರ್ಸ್ 1898ಕ್ಕೆ ಹೋದರೆ

ಎರಡನೆಯ ಮಹಾಯುದ್ಧದಲ್ಲಿ ದುಡಿದ ನರ್ಸ್ ಒಬ್ಬಳು ಕಲ್ಲುಕಂಬ ಮುಟ್ಟಿ 1743ರ ಸ್ಕಾಟ್ಲೆಂಡಿಗೆ ಜಾರುತ್ತಾಳೆ. ಅಲ್ಲಿಯ ಯುವಕನೊಬ್ಬನನ್ನು ಮದುವೆಯಾಗುತ್ತಾಳೆ. ಡಯಾನಾ ಗೆಬಾಲ್ಡನ್ ಅವರ ‘ಔಟ್‌ಲ್ಯಾಂಡರ್’ (1991) ಕಾದಂಬರಿಯ ಕಥೆಯಿದು. (ದೊಡ್ಡವರ ಪುಸ್ತಕ, ಹೈಸ್ಕೂಲಿನವರಿಗಲ್ಲ.) ಮುಗಿಬಿದ್ದು ಓದಿದವರಿದ್ದಾರೆ, ಅರ್ಧಕ್ಕೇ ಮಡಚಿಟ್ಟವರೂ ಇದ್ದಾರೆ.

ಕಂಬ ಮುಟ್ಟಿದರೆ ಕಾಲ ಹಿಂದೆ ಸರಿಯುವುದುಂಟೆ ಎಂಬುದು ಒಂದು ತಕರಾರು. 1971ರಲ್ಲಿ ವಿಮಾನವೇರಿ ಭೂಮಿ ಸುತ್ತಿದ ಪರಮಾಣು ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ನ್ಯಾನೊಸೆಕೆಂಡುಗಳ ಲೆಕ್ಕದಲ್ಲಿ ಬೇರೆಯಾದವು, ಅಷ್ಟೇ. ಹಿಂದಕ್ಕೆ ಹೋಗಿಬಂದವರಿಲ್ಲ.

ಗಂಡ ಹೆಂಡತಿಗೆ ಬೆಲ್ಟಿನಿಂದ ಹೊಡೆಯುವ ಪ್ರಸಂಗ ಇನ್ನೂ ದೊಡ್ಡ ಜಗಳ. ಆ ಕಾಲವೇ ಹಾಗಿತ್ತು ಎಂದು ಕೆಲವರು; ಹಾಗಿದ್ದರೂ ಅವನನ್ನು ನಾಯಕನೆಂದು ಮೆಚ್ಚಬೇಕೆ ಎಂದು ಉಳಿದವರು. ತೂಕವಿರುವುದು ಎರಡನೆಯ ಮಾತಿಗೇ.

ಈ ಗದ್ದಲದಲ್ಲಿ ಕಥೆಯ ಗಟ್ಟಿ ಕಾಳು ಮರೆಯಾಗುತ್ತದೆ. ಅವಳಿಗೆ ರೋಗಾಣುಗಳ ವಿಷಯ ಗೊತ್ತು, ಸುತ್ತಲಿನವರಿಗೆ ಗೊತ್ತಿಲ್ಲ. ಕೊನೆಗೆ ಮಾಟಗಾತಿಯೆಂದು ವಿಚಾರಣೆಗೆ ನಿಲ್ಲಿಸುತ್ತಾರೆ!

ನಮ್ಮ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ನರ್ಸ್ ಒಬ್ಬಳು 1898ರ ಪ್ಲೇಗಿನ ಬೆಂಗಳೂರಿಗೆ ಬರಿಗೈಲಿ ಇಳಿದಳೆನ್ನಿ. ಸ್ಟ್ರೆಪ್ಟೊಮೈಸಿನ್ ಸಿಗದು, ಅದರ ಶೋಧ 1943ರದು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂದರೆ ಯಾರು ನಂಬಿಯಾರು? ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಇದನ್ನು ಪ್ರಯೋಗದಿಂದಲೇ ತೋರಿಸಿದರೂ ವಿದ್ವಾಂಸರು ವರ್ಷಗಟ್ಟಲೆ ಒಪ್ಪಲಿಲ್ಲ. ಇಕ್ಕಟ್ಟಿನ ಓಣಿ ಬಿಟ್ಟು ಗಾಳಿ ಬೆಳಕಿರುವ ಕಡೆ ಹೋಗಿ ಎಂದಿದ್ದರೆ ಪ್ರಾಯಶಃ ಕೇಳುತ್ತಿದ್ದರು. ಪಕ್ಕದ ಫ್ರೇಜರ್ ಟೌನ್ ಹುಟ್ಟಿದ್ದು ಆ ಪ್ಲೇಗಿನ ನಂತರವೇ.