ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣೆದುರಿನ ವಸ್ತುವಿಗೇ ಈ ಎಚ್ಚರಿಕೆ ಬೇಕಾದರೆ, ಮೊಬೈಲ್ ತೆರೆಯ ಮೇಲೆ ಮಿಂಚಿ ಮರೆಯಾಗುವ ದೃಶ್ಯಕ್ಕೆ ಇನ್ನೆಷ್ಟು ಬೇಡ? ವಿಜ್ಞಾನದ ಚಮತ್ಕಾರವೆಂಬ ಹೆಸರಿನಲ್ಲಿ ಮನೆಮನೆಗೆ ಬರುತ್ತಿರುವ ವಿಡಿಯೋಗಳಲ್ಲಿ ಯಾವುದು ನಿಜ, ಯಾವುದು ಕೃತಕ ಎಂಬುದನ್ನು ತಾಳಿಕೋಟೆ ಪರಿಸರದ ನಮ್ಮ ಕುಟುಂಬಗಳು ಕುಳಿತು ಆಲೋಚಿಸುವ ಕಾಲ ಬಂದಿದೆ.

ಇಂಡಿಯ ಲಿಂಬೆಯನ್ನು ಅರಿಯದವರು ನಮ್ಮ ಜಿಲ್ಲೆಯಲ್ಲಿಲ್ಲ. ಲಿಂಬೆಹಣ್ಣಿಗೆ ತಂತಿ ಚುಚ್ಚಿ ಮೊಬೈಲ್ ಚಾರ್ಜ್ ಮಾಡುವ ವಿಡಿಯೋವನ್ನೂ ಅನೇಕರು ಕಂಡಿರಬಹುದು. ಅದರಲ್ಲಿ ಸತ್ಯದ ಅಂಶವೊಂದಿದೆ. ತಾಮ್ರದ ತಂತಿಯನ್ನೂ ಸತುವಿನ ಲೇಪವಿರುವ ಮೊಳೆಯನ್ನೂ ಒಂದಕ್ಕೊಂದು ತಾಗದಂತೆ ಹಣ್ಣಿಗೆ ಚುಚ್ಚಿದರೆ ಸುಮಾರು 0.9 ವೋಲ್ಟ್ ವಿದ್ಯುತ್ತು ಹುಟ್ಟುತ್ತದೆ. ಹುಳಿರಸದಲ್ಲಿ ಸತು ಕರಗುವುದೇ ಇದಕ್ಕೆ ಕಾರಣ. ನಾಲ್ಕು ಹಣ್ಣುಗಳನ್ನು ಸಾಲಾಗಿ ಜೋಡಿಸಿದರೆ ಚಿಕ್ಕ ಎಲ್‌ಇಡಿ ದೀಪ ಮಂದವಾಗಿ ಬೆಳಗುತ್ತದೆ. ಆದರೆ ಮೊಬೈಲಿಗೆ 5 ವೋಲ್ಟಿನ ಜೊತೆಗೆ 1 ಆಂಪಿಯರಿನಷ್ಟು ಪ್ರವಾಹವೂ ಬೇಕು. ಲಿಂಬೆ ಕೊಡುವುದು ಅದರ ಸಾವಿರದಲ್ಲೊಂದು ಪಾಲಿನಷ್ಟು. ಸಾಲಾಗಿ ಎಷ್ಟು ಹಣ್ಣು ಸೇರಿಸಿದರೂ ವೋಲ್ಟ್ ಏರುತ್ತದೆಯೇ ಹೊರತು ಪ್ರವಾಹ ಏರದು. ದೀಪ ನಿಜ, ಚಾರ್ಜಿಂಗ್ ಸುಳ್ಳು. ಸತ್ಯದೊಡನೆ ಬೆರೆತು ಬರುವ ಸುಳ್ಳೇ ಹೆಚ್ಚು ಅಪಾಯಕಾರಿ.

ಹಾಗಾದರೆ ಗುರುತಿಸುವ ಬಗೆ ಹೇಗೆ? ನಿಜವಾದ ಪ್ರಯೋಗ ತನ್ನ ಸಾಮಗ್ರಿ, ಅಳತೆ, ಮಿತಿ ಮೂರನ್ನೂ ಬಿಚ್ಚಿ ಹೇಳುತ್ತದೆ. ಯಾರು ಮಾಡಿದರೂ, ಎಷ್ಟು ಸಲ ಮಾಡಿದರೂ ಫಲ ಒಂದೇ. ಕೃತಕವಾದದ್ದು ಮುಖ್ಯ ಗಳಿಗೆಯಲ್ಲೇ ದೃಶ್ಯವನ್ನು ಕತ್ತರಿಸುತ್ತದೆ, ಕಾರಣವನ್ನು ಮರೆಮಾಡುತ್ತದೆ, ಬೇಗ ಹಂಚಿರೆಂದು ಅವಸರಪಡಿಸುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಕೇಳಿದ್ದೂ ಇದನ್ನೇ: ಪರೀಕ್ಷೆಗೆ ಒಳಪಡುವ ರೀತಿಯಲ್ಲಿ ಮಾಡಿ ತೋರಿಸಿ.

ಲಿಂಬೆಯ ವಿಡಿಯೋ ನಂಬಿದವನಿಗೆ ಹೆಚ್ಚೆಂದರೆ ಒಂದು ಮೊಬೈಲ್ ನಷ್ಟವಾದೀತು. ಆದರೆ ಕಂಡದ್ದನ್ನೆಲ್ಲ ನಂಬುವ ಚಾಳಿ ಅಲ್ಲಿಗೇ ನಿಲ್ಲುವುದಿಲ್ಲ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ ಚಿತ್ರವೊಂದರಲ್ಲಿ, ಮಗುವನ್ನು ಎತ್ತಿಕೊಂಡು ಹೋದವರು ಕೊನೆಗೆ ಹಿಂದಿರುಗಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿ, ಮಕ್ಕಳ ಕಳ್ಳರ ನಿಜ ದೃಶ್ಯವೆಂದು ನಮ್ಮ ದೇಶದಲ್ಲಿ ಹಬ್ಬಿಸಲಾಯಿತು. ಇಂತಹ ವದಂತಿಗಳ ಕಾಲದಲ್ಲೇ, 2018ರ ಜುಲೈ 13ರಂದು, ಬೀದರ ಜಿಲ್ಲೆಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ತಂಡವನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಸಾರಲಾಯಿತು. ಮುರ್ಕಿ ಗ್ರಾಮದಲ್ಲಿ ಗುಂಪು ಸೇರಿತು, ಯುವ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು.

ಪ್ರಶ್ನಿಸುವುದು ವಿಶ್ವಾಸಕ್ಕೆ ವಿರುದ್ಧವೆಂದು ಭಾವಿಸುವವರು ನಮ್ಮಲ್ಲೂ ಉಂಟು. ಪ್ರೇಷಿತ ತೋಮ ಮುಟ್ಟಿ ನೋಡಬೇಕೆಂದಾಗ ಪ್ರಭು ಅವನನ್ನು ಹೊರಗಟ್ಟಲಿಲ್ಲ. ತನ್ನ ಗಾಯಗಳನ್ನೇ ತೋರಿದನು. ಲೂರ್ದು ಪುಣ್ಯಕ್ಷೇತ್ರದಲ್ಲಿ 1883ರಿಂದಲೂ ವೈದ್ಯರ ಪರಿಶೀಲನಾ ಕಚೇರಿಯಿದೆ. ಅಲ್ಲಿ ಗುಣಹೊಂದಿದೆವೆಂದು ದಾಖಲಾದವರು 7,000ಕ್ಕೂ ಹೆಚ್ಚು. ಧರ್ಮಸಭೆ ಅದ್ಭುತವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. ವಿವೇಚನೆಯೂ ದೇವರ ವರವೇ.

ಆದುದರಿಂದ ತಂದೆತಾಯಂದಿರು ಮಕ್ಕಳ ಕುತೂಹಲವನ್ನು ಗದರಿ ಅಡಗಿಸದಿರಲಿ. ಲಿಂಬೆ, ಮೊಳೆ, ತಂತಿ ತಂದು ಜೊತೆಯಲ್ಲಿ ಕುಳಿತು ಮಾಡಿ ನೋಡಲಿ. ಪ್ರಯೋಗಕ್ಕೆ ಬಳಸಿದ ಹಣ್ಣನ್ನು ತಿನ್ನಬಾರದು, ಮೊಬೈಲಿಗೆ ತಂತಿ ಜೋಡಿಸಬಾರದು ಎಂಬುದನ್ನೂ ಕಲಿಸಲಿ. ಪರಿಶೀಲಿಸದ ವಿಡಿಯೋವನ್ನು ಮುಂದಕ್ಕೆ ಕಳುಹಿಸುವಾಗ, ನಾವು ಕಾಣದ ಸಂಗತಿಗೆ ಸಾಕ್ಷಿ ಹೇಳಿದಂತಾಗುತ್ತದೆ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಆಜ್ಞೆ ನಮ್ಮ ನಾಲಿಗೆಗೆ ಮಾತ್ರವಲ್ಲ, ಬೆರಳಿಗೂ ಅನ್ವಯಿಸುತ್ತದೆ.