ಬಂದವರು ಒಂದು ರಾತ್ರಿ ಉಳಿಯುವ ನಗರವಾಗಲಿ: ಪ್ರವಾಸೋದ್ಯಮ ಸಚಿವರಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಕಲಬುರಗಿ ನಗರದಲ್ಲಿಯೂ ಕಮಲಾಪುರ ಮೊದಲಾದ ಸುತ್ತಲಿನ ತಾಲ್ಲೂಕುಗಳಲ್ಲಿಯೂ ಕುಂದುತ್ತಿರುವ ಪ್ರವಾಸೋದ್ಯಮ.

ಮಾನ್ಯರೇ,

ಒಂದು ಕಡೆ ಮಹಾರಾಷ್ಟ್ರವನ್ನೂ ಇನ್ನೊಂದು ಕಡೆ ತೆಲಂಗಾಣವನ್ನೂ ತಾಗಿಕೊಂಡಿರುವ ಕಲಬುರಗಿಯು ಇಂದು ರಾಜ್ಯದ ಭೂಪಟದಲ್ಲಿ ಅಂಚಿನ ಊರಾಗಿ ಕಾಣುತ್ತದೆಯಾದರೂ, ಅದು ಹುಟ್ಟಿನಿಂದ ಅಂಚಿನ ಊರಲ್ಲ. 1347ರಲ್ಲಿ ಅಲಾಉದ್ದೀನ್ ಹಸನ್ ಬಹಮನ್ ಷಾ ದೆಹಲಿಯ ಹಿಡಿತದಿಂದ ಬಿಡಿಸಿಕೊಂಡು ಕಟ್ಟಿದ ಬಹಮನಿ ರಾಜ್ಯಕ್ಕೆ ಈ ನಗರವೇ ಮೊದಲ ರಾಜಧಾನಿಯಾಗಿತ್ತು. ಅಹಮದ್ ಷಾನ ಕಾಲದಲ್ಲಿ ರಾಜಧಾನಿ ಬೀದರಿಗೆ ಹೋದ ಮೇಲೆಯೂ ದಖನ್ನಿನ ದಾರಿಗಳು ಇಲ್ಲಿ ಕೂಡುವುದು ನಿಲ್ಲಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಇದು ಒಂದು ಸುಬಾದ, ಅಂದರೆ ಹಲವು ಜಿಲ್ಲೆಗಳನ್ನು ಕೂಡಿಸಿದ ಆಡಳಿತ ವಿಭಾಗದ, ಕೇಂದ್ರವಾಗಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿ, 1956ರಲ್ಲಿ ಭಾಷಾವಾರು ಪ್ರಾಂತ್ಯಗಳ ರಚನೆಯಾದಾಗ ಇಲ್ಲಿನ ಕನ್ನಡಿಗರು ಬಯಸಿದಂತೆಯೇ ಕನ್ನಡ ನಾಡನ್ನು ಸೇರಿದರು. ಆದರೆ ರಾಜಧಾನಿ ಸುಮಾರು ಆರುನೂರು ಕಿಲೋಮೀಟರ್ ದೂರಕ್ಕೆ ಸರಿಯಿತು, ಮತ್ತು ರಾಜ್ಯದ ಪ್ರವಾಸೋದ್ಯಮವು ಬೆಂಗಳೂರಿನಿಂದ ಹೊರಟು ಮೈಸೂರು, ಹಂಪಿ, ಕರಾವಳಿಗಳನ್ನು ಮುಟ್ಟಿ ಹಿಂದಿರುಗುವ ದಾರಿಗಳ ಮೇಲೆಯೇ ಬೆಳೆಯಿತು.

ಈ ಪತ್ರದ ವಾದ ಒಂದೇ. ಕಲಬುರಗಿ ಸೀಮೆಗೆ ಜನ ಬರುತ್ತಾರೆ, ಅದೂ ಲಕ್ಷಗಟ್ಟಲೆ ಬರುತ್ತಾರೆ. ಆದರೆ ಬಂದವರು ತಂಗುವುದಿಲ್ಲ, ಎರಡನೆಯ ಸ್ಥಳವನ್ನು ನೋಡುವುದಿಲ್ಲ, ಊರಿನಲ್ಲಿ ಒಂದು ಊಟವನ್ನೂ ಮಾಡದೆ ಗಡಿ ದಾಟಿ ಹಿಂದಿರುಗುತ್ತಾರೆ. ಪ್ರವಾಸೋದ್ಯಮದ ಅಂಕಿಸಂಖ್ಯೆಯಲ್ಲಿ ಒಂದು ಸ್ಥಳಕ್ಕೆ ಕಾಲಿಟ್ಟ ಪ್ರತಿಯೊಬ್ಬರನ್ನೂ ಒಂದು ‘ಭೇಟಿ’ ಎಂದು ಎಣಿಸುವ ರೂಢಿಯಿದ್ದು, ಅದರಲ್ಲಿ ಯಾತ್ರಿಕರೂ ಸೇರುತ್ತಾರೆ. ‘ತಂಗು’, ಅಂದರೆ ಪ್ರವಾಸಿಯು ಒಂದು ಊರಿನಲ್ಲಿ ಕಳೆದ ರಾತ್ರಿಗಳ ಸಂಖ್ಯೆ, ಬೇರೆಯದೇ ಅಳತೆ. ಟಮ್‌ಟಮ್ ಓಡಿಸುವವನಿಗೂ ಖಾನಾವಳಿಯ ತಾಯಿಗೂ ವಸತಿಗೃಹದ ಕೆಲಸದವನಿಗೂ ಅನ್ನ ಕೊಡುವುದು ಈ ಎರಡನೆಯ ಅಳತೆಯೇ ಆಗಿರುವಾಗ, ಮೊದಲನೆಯ ಅಳತೆ ದೊಡ್ಡದಿದೆಯೆಂಬ ಕಾರಣಕ್ಕೆ ಎಲ್ಲವೂ ಚೆನ್ನಾಗಿದೆಯೆಂದು ತಿಳಿಯುವುದು ತಪ್ಪಾಗುತ್ತದೆ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಸಮೀಪವಿರುವ ಈ ದತ್ತ ಕ್ಷೇತ್ರವು ಶ್ರೀ ನರಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳಿಂದ ಪ್ರಸಿದ್ಧವಾಗಿದ್ದು, ಮರಾಠಿಯ ಗುರುಚರಿತ್ರೆಯನ್ನು ಪಾರಾಯಣ ಮಾಡುವ ಮನೆತನಗಳಿಗೆ ಪಂಢರಪುರ, ತುಳಜಾಪುರ, ಅಕ್ಕಲಕೋಟೆಗಳಷ್ಟೇ ಪೂಜ್ಯವಾಗಿದೆ. ಗುರುವಾರ, ಹುಣ್ಣಿಮೆ ಮತ್ತು ದತ್ತ ಜಯಂತಿಗಳಂದು ಸಂಗಮದಲ್ಲಿ ಮಿಂದು, ಐದು ಮನೆಗಳ ಮಾಧುಕರಿ ಬೇಡುವ ವ್ರತವನ್ನು ನಡೆಸಿ, ಪಾದುಕೆಗಳ ದರ್ಶನ ಮಾಡಿದ ಭಕ್ತರು ಗಾಣಗಾಪುರ ರೋಡ್ ನಿಲ್ದಾಣದಲ್ಲಿ ರೈಲು ಹಿಡಿದು, ಇಲ್ಲವೇ ತಾವು ತಂದ ವಾಹನದಲ್ಲಿಯೇ, ಸೊಲ್ಲಾಪುರದ ಕಡೆಗೆ ಹೊರಟುಬಿಡುತ್ತಾರೆ. ಕಲಬುರಗಿ ನಗರ ಅಲ್ಲಿಂದ ಒಂದು ಗಂಟೆಯ ದಾರಿ. ಆ ಒಂದು ಗಂಟೆಯ ಆಚೆ ಆರುನೂರು ವರ್ಷ ಹಳೆಯ ದರ್ಗಾ ಇದೆ, ಶರಣಬಸವೇಶ್ವರರ ಗುಡಿ ಮತ್ತು ಅಪ್ಪನ ಕೆರೆ ಇವೆ, ದೇಶದಲ್ಲಿಯೇ ಅಪರೂಪವಾದ ಮಸೀದಿಯೊಂದಿದೆ ಎಂದು ಅವರ ಭಾಷೆಯಲ್ಲಿ ತಿಳಿಸುವ ವ್ಯವಸ್ಥೆಯೂ, ಕರೆದೊಯ್ದು ತೋರಿಸಿ ಸಂಜೆಯ ರೈಲಿಗೆ ಬಿಡುವ ಬಸ್ಸೂ ಇಲ್ಲದಿರುವಾಗ ಅವರನ್ನು ದೂರುವಂತಿಲ್ಲ. ಸೊಲ್ಲಾಪುರ ಮತ್ತು ಹೈದರಾಬಾದುಗಳಿಂದ ಬರುವವರಿಗೆ ಕಲಬುರಗಿಯೇ ಕರ್ನಾಟಕದ ಹೆಬ್ಬಾಗಿಲು ಎಂಬುದನ್ನು ಇಲಾಖೆಯ ಯೋಜನೆಗಳು ಇನ್ನೂ ಒಪ್ಪಿಕೊಂಡಂತಿಲ್ಲ.

ನಗರದೊಳಗಿನ ಸಂಪತ್ತಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ನಷ್ಟದ ಪ್ರಮಾಣ ತಿಳಿಯುವುದು ಅದರಿಂದಲೇ. ಜನರು ಕಿಲ್ಲಾ ಎಂದು ಕರೆಯುವ ಕೋಟೆಯೊಳಗಿನ ಜಾಮಿ ಮಸೀದಿಯು 1367ರಲ್ಲಿ ಕಟ್ಟಲ್ಪಟ್ಟಿದ್ದು, ಅದರ ಶಾಸನದಲ್ಲಿ ಇರಾನಿನ ಕಜ್ವೀನ್ ಪಟ್ಟಣದ ರಫಿ ಎಂಬವನ ಹೆಸರು ಬರುತ್ತದೆ. ಭಾರತದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಪ್ರಾರ್ಥನಾ ಮಂಟಪದ ಮುಂದೆ ಬಯಲು ಅಂಗಳವೊಂದಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಆವರಣವನ್ನು ಸಾಲು ಸಾಲು ಚಿಕ್ಕ ಗುಮ್ಮಟಗಳಿಂದ ಮುಚ್ಚಿ, ಬೆಳಕು ಪಕ್ಕದ ಅಗಲವಾದ ಕಮಾನುಗಳಿಂದ ಒಳಬರುವಂತೆ ರಚಿಸಲಾಗಿದೆ. ಸ್ಪೇನಿನ ಕಾರ್ಡೋಬಾ ಮಸೀದಿಯ ಪಡಿಯಚ್ಚು ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಹೋಲಿಕೆಗೆ ಗಟ್ಟಿ ಆಧಾರವಿಲ್ಲ, ಅದರ ಅಗತ್ಯವೂ ಈ ಕಟ್ಟಡಕ್ಕಿಲ್ಲ. ನಗರದ ಪೂರ್ವಕ್ಕಿರುವ ಹಫ್ತ್ ಗುಂಬಜ್, ಅಂದರೆ ಏಳು ಗೋರಿಗಳ ಸಮೂಹದಲ್ಲಿ, ತುಘಲಕರ ಇಳಿಜಾರು ಗೋಡೆಯ ಸರಳ ಶೈಲಿಯಿಂದ ಆರಂಭವಾಗಿ 1422ರಲ್ಲಿ ತೀರಿಕೊಂಡ ಫಿರೋಜ್ ಷಾನ ಜೋಡಿ ಗುಮ್ಮಟದವರೆಗೆ ದಖನ್ನಿನ ವಾಸ್ತುಶಿಲ್ಪ ತನ್ನದೇ ರೂಪವನ್ನು ಕಂಡುಕೊಂಡ ಬಗೆಯನ್ನು ನಡೆದುಕೊಂಡೇ ಓದಬಹುದು. ಅದೇ 1422ರಲ್ಲಿ ದೇಹಬಿಟ್ಟ ಖ್ವಾಜಾ ಬಂದೇ ನವಾಜ್ ಗೇಸುದರಾಜರ ದರ್ಗಾ ಸಮೀಪದಲ್ಲಿಯೇ ಇದ್ದು, ಅದರ ವಾರ್ಷಿಕ ಉರುಸಿಗೆ ಎಲ್ಲ ಧರ್ಮದವರೂ ಸೇರುತ್ತಾರೆ.

ಕಲಬುರಗಿಯ ಬಹಮನಿ ಸ್ಮಾರಕಗಳು ಬೀದರ್, ವಿಜಯಪುರ ಮತ್ತು ಹೈದರಾಬಾದಿನ ಸ್ಮಾರಕಗಳೊಂದಿಗೆ ‘ದಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳು’ ಎಂಬ ಹೆಸರಿನಲ್ಲಿ 2014ರಲ್ಲಿಯೇ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ತಾತ್ಕಾಲಿಕ ಪಟ್ಟಿಯೆಂದರೆ ವಿಶ್ವ ಪರಂಪರೆಯ ಸ್ಥಾನಕ್ಕೆ ಮುಂದೆ ಹೆಸರಿಸಲು ಒಂದು ದೇಶವು ಮೊದಲೇ ಸೂಚಿಸಿಟ್ಟ ತಾಣಗಳ ಯಾದಿ. ಅಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಪ್ರತಿಯೊಂದು ಸ್ಮಾರಕಕ್ಕೂ ನಿರ್ವಹಣಾ ಯೋಜನೆ ಬೇಕು, ಸುತ್ತ ಕಾಪುವಲಯ ಬೇಕು. ಕೋಟೆಯೊಳಗೆ ತಲೆಮಾರುಗಳಿಂದ ವಾಸವಾಗಿರುವ ಕುಟುಂಬಗಳ ಪ್ರಶ್ನೆ ಬಗೆಹರಿಯದೆ ಇದಾವುದೂ ಆಗುವಂತಿಲ್ಲ. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ನೂರು ಮೀಟರ್‌ವರೆಗೆ ಹೊಸ ಕಟ್ಟಡವನ್ನು ನಿಷೇಧಿಸುವ, ಅದರಾಚೆಯ ಇನ್ನೂರು ಮೀಟರ್‌ನಲ್ಲಿ ಅನುಮತಿ ಕೇಳುವ ಕೇಂದ್ರ ಕಾನೂನು ಇದೆಯಾದರೂ, ಕಾನೂನನ್ನು ತೋರಿಸಿ ಬಡವರನ್ನು ಬೀದಿಗೆ ತಳ್ಳುವುದು ಪರಿಹಾರವಲ್ಲ. ಅವರಿಗೆ ನಗರದೊಳಗೇ, ದುಡಿಮೆಗೆ ಹತ್ತಿರವಾದ ಕಡೆ ಮನೆ ಕಟ್ಟಿಕೊಟ್ಟು, ಅವರ ಮಕ್ಕಳಲ್ಲಿ ಆಸಕ್ತರಾದವರನ್ನು ಮಾರ್ಗದರ್ಶಿಗಳಾಗಿ ತರಬೇತುಗೊಳಿಸಿ ಅದೇ ಕಿಲ್ಲಾಕ್ಕೆ ಮರಳಿ ತರುವುದು ನ್ಯಾಯ. ಆ ಗೋಡೆಗಳ ಒಂದೊಂದು ಬುರುಜಿನ ಕಥೆಯೂ ಆ ಮನೆಗಳಲ್ಲಿ ಉಳಿದಿದೆ.

ಇನ್ನು ಇಲ್ಲಿಗೆ ಬರುವ ದಾರಿಗಳ ವಿಷಯ. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಆರಂಭವಾದಾಗ ಜಿಲ್ಲೆಯಲ್ಲಿ ಮೂಡಿದ ಭರವಸೆ ಸಣ್ಣದಾಗಿರಲಿಲ್ಲ. ನಾಲ್ಕು ತಿಂಗಳೊಳಗೆ, 2020ರ ಮಾರ್ಚಿನಲ್ಲಿ, ದೇಶದ ಮೊದಲ ಕೋವಿಡ್ ಸಾವು ಈ ನಗರದ ನಿವಾಸಿಯೊಬ್ಬರದೇ ಆಗಿ, ಊರಿನ ಹೆಸರು ದೇಶದೆಲ್ಲೆಡೆ ಭಯದೊಂದಿಗೆ ತಳುಕುಹಾಕಿಕೊಂಡಿತು. ಅದರಿಂದ ಚೇತರಿಸಿಕೊಂಡ ಮೇಲೆ ಬಂದದ್ದು ಇನ್ನೊಂದು ತೊಡಕು. ಸಣ್ಣ ಊರುಗಳಿಗೆ ವಿಮಾನ ಓಡಿಸುವ ಸಂಸ್ಥೆಗೆ ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರವೇ ತುಂಬಿಕೊಡುವುದು ಕೇಂದ್ರದ ಉಡಾನ್ ಯೋಜನೆಯ ಕ್ರಮ; ಆ ಅವಧಿಯಲ್ಲಿ ಪ್ರಯಾಣಿಕರ ಸಂಖ್ಯೆ ತನ್ನ ಕಾಲ ಮೇಲೆ ನಿಲ್ಲುವಷ್ಟು ಬೆಳೆಯದಿದ್ದರೆ ನೆರವಿನೊಂದಿಗೆ ವಿಮಾನವೂ ಹೋಗುತ್ತದೆ. ತಿರುಪತಿಗೂ ದೆಹಲಿ ಬಳಿಯ ಹಿಂಡನ್‌ಗೂ ಇದ್ದ ಮಾರ್ಗಗಳು ಹೀಗೆ ನಿಂತುಹೋದವು. ಮೂರು ವರ್ಷಗಳಲ್ಲಿ ಈ ಸೀಮೆಯನ್ನು ಹೊರಗಿನವರಿಗೆ ಪರಿಚಯಿಸುವ ಕೆಲಸ ವಿಮಾನದ ಜೊತೆಜೊತೆಗೇ ನಡೆದಿದ್ದರೆ ಆಸನಗಳು ಖಾಲಿ ಉಳಿಯುತ್ತಿರಲಿಲ್ಲವೆಂದು ಇಲ್ಲಿನವರು ನಂಬುತ್ತಾರೆ. ರೈಲಿನ ಸ್ಥಿತಿ ಇದಕ್ಕಿಂತ ಉತ್ತಮ. ಮುಂಬೈ–ಚೆನ್ನೈ ಮುಖ್ಯ ಮಾರ್ಗ ಈ ನಗರದ ಮೂಲಕವೇ ಹಾದುಹೋಗುತ್ತದೆ, ಮತ್ತು 2024ರ ಮಾರ್ಚಿನಿಂದ ಬೆಂಗಳೂರಿಗೆ ವಂದೇ ಭಾರತ್ ಗಾಡಿಯೂ ಇದೆ.

ಸನ್ನತಿಯನ್ನು ಕುರಿತು ಬೇರೆಯಾಗಿಯೇ ಹೇಳಬೇಕು. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ತೀರದ ಈ ಹಳ್ಳಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ ಧರ್ಮಲಿಪಿಗಳು ಕಂಡವು. ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಕೈಗೊಂಡ ಉತ್ಖನನದಲ್ಲಿ ಶಾತವಾಹನರ ಕಾಲದ ಮಹಾಸ್ತೂಪವೂ, ಅದರ ಫಲಕಗಳ ನಡುವೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರನ್ನು ಕೊರೆದು ರಾಜನನ್ನು ರಾಣಿಯೊಂದಿಗೆ ತೋರಿಸುವ ಶಿಲ್ಪವೂ ದೊರೆತವು. ಮೌರ್ಯ ಚಕ್ರವರ್ತಿಯ ಹೆಸರನ್ನೇ ಹೊತ್ತಿರುವ ಇಂಥ ಶಿಲ್ಪ ಜಗತ್ತಿಗೆ ಇಲ್ಲಿಂದಲೇ ತಿಳಿದದ್ದು. ಇದು ಕನ್ನಡ ನಾಡಿನ ಪ್ರತಿ ಶಾಲೆಯ ಮಗುವಿಗೂ ಗೊತ್ತಿರಬೇಕಾದ ಸಂಗತಿ. ಆದರೂ ಆ ಶಿಲ್ಪಗಳು ವರ್ಷಗಟ್ಟಲೆ ಬಿಸಿಲಿಗೆ, ಮಳೆಗೆ ಬಿದ್ದಿದ್ದವು. ಸ್ತೂಪದ ಮರುಜೋಡಣೆಯ ಕೆಲಸ ಇತ್ತೀಚಿನ ವರ್ಷಗಳಲ್ಲಿ ಕೈಗೆತ್ತಿಕೊಳ್ಳಲ್ಪಟ್ಟಿರುವುದು ಸಮಾಧಾನದ ವಿಷಯವೇ. ಆದರೆ ಅಲ್ಲಿಗೆ ತಲುಪಲು ಸ್ವಂತ ವಾಹನವಿಲ್ಲದವನಿಗೆ ನಾಲವಾರ ನಿಲ್ದಾಣದಲ್ಲಿಳಿದು ಸಿಕ್ಕ ವಾಹನವನ್ನು ಕಾಯುವುದೇ ಗತಿ. ಇತ್ತ ಕಲಬುರಗಿಯಲ್ಲಿ, ಈ ಪತ್ರ ಬರೆದವರ ಊರಾದ ಕುಸನೂರಕ್ಕೆ ಸಮೀಪದಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದ ಬಳಿ, 2009ರ ಜನವರಿಯಲ್ಲಿ ರಾಷ್ಟ್ರಪತಿಗಳಿಂದ ಉದ್ಘಾಟನೆಗೊಂಡ ಬುದ್ಧ ವಿಹಾರಕ್ಕೆ ನಾಡಿನ ನಾನಾ ಕಡೆಯಿಂದ ಜನ ಬರುತ್ತಾರೆ. ಅಲ್ಲಿ ಕೈಮುಗಿದು ಹೊರಬಂದವನಿಗೆ ಎರಡು ಸಾವಿರ ವರ್ಷ ಹಳೆಯ ಸ್ತೂಪ ಇದೇ ಜಿಲ್ಲೆಯಲ್ಲಿದೆಯೆಂದು ಹೇಳಿ, ಅಲ್ಲಿಗೇ ಹೋಗುವ ಬಸ್ಸನ್ನು ಹತ್ತಿಸುವುದು ಅಷ್ಟು ಕಠಿಣವಾದ ಕೆಲಸವೇ?

ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಮುಂದಕ್ಕೆ ಹೋದರೆ, ಕಾಗಿಣಾ ದಂಡೆಯ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷನ ಆಸ್ಥಾನ ಮತ್ತು ಕವಿರಾಜಮಾರ್ಗದ ನೆಲ. ಒಂಬತ್ತನೆಯ ಶತಮಾನದ ಅರಬ್ ಲೇಖಕರು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ ಬಲ್ಹರಾನ, ಅಂದರೆ ರಾಷ್ಟ್ರಕೂಟ ದೊರೆಯ, ಊರು. ಕುಸಿದ ಕೋಟೆ, ಜೈನ ಬಸದಿ, ಜಯತೀರ್ಥರ ವೃಂದಾವನಗಳನ್ನು ಒಂದೇ ಬೆಳಗಿನಲ್ಲಿ ನೋಡಬಹುದಾದ ಈ ಊರಿನಲ್ಲಿ ಕುಳಿತು ನೀರು ಕುಡಿಯುವ ನೆರಳೂ ಸರಿಯಾಗಿಲ್ಲ.

ಕಮಲಾಪುರದ ಕಥೆ ಚಿಕ್ಕದು, ಆದರೆ ಅದು ಗ್ರಾಮೀಣ ಬದುಕಿಗೆ ತೀರ ಹತ್ತಿರದ್ದು. ಹುಮನಾಬಾದ್ ಹೆದ್ದಾರಿಯ ಮೇಲಿರುವ ಈ ಊರಿನ ಕೆಂಬಾಳೆಗೆ ಭೌಗೋಳಿಕ ಗುರುತು, ಅಂದರೆ ಒಂದು ನೆಲದ ಹೆಸರನ್ನು ಅಲ್ಲಿಯ ಬೆಳೆಗೆ ಮಾತ್ರ ಬಳಸಲು ಅವಕಾಶ ಕೊಡುವ ಕಾನೂನಿನ ರಕ್ಷಣೆ, ದೊರೆತಿದೆ. ಬೇರೆ ಬಾಳೆಗಿಂತ ಹೆಚ್ಚು ತಿಂಗಳು, ಹೆಚ್ಚು ಗೊಬ್ಬರ, ಹೆಚ್ಚು ನೀರು ಬೇಡುವ ಈ ಬೆಳೆಗೆ ಅದಕ್ಕೆ ತಕ್ಕ ಬೆಲೆ ಸಿಗದೆ ರೈತರು ಕೈಬಿಡುತ್ತಿರುವುದರಿಂದ ತೋಟಗಳು ಕಡಿಮೆಯಾಗುತ್ತಿವೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ, 110 ಕಿಲೋಮೀಟರ್ ಉದ್ದದ ಬೀದರ್–ಕಲಬುರಗಿ ರೈಲು ಮಾರ್ಗವು ಕಮಲಾಪುರದ ಮೂಲಕವೇ ಹೋಗುತ್ತದೆ. ಬಹಮನಿಗಳ ಮೊದಲ ರಾಜಧಾನಿಯನ್ನೂ ಎರಡನೆಯ ರಾಜಧಾನಿಯನ್ನೂ ಕೂಡಿಸುವ ಈ ಹಳಿಯ ಮೇಲೆ ಬೆಳಗ್ಗೆ ಹೊರಟು ಸಂಜೆ ಮರಳುವ ಅನುಕೂಲದ ಗಾಡಿಯೊಂದಿದ್ದು, ನಡುವೆ ಕಮಲಾಪುರದಲ್ಲಿ ರೈತರೇ ನಡೆಸುವ ಕೆಂಬಾಳೆಯ ಮಳಿಗೆ, ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಖಾನಾವಳಿ ಇದ್ದರೆ, ಆ ಹಣ್ಣಿಗೆ ಬೆಲೆ ಹುಡುಕಲು ದೂರದ ಮಾರುಕಟ್ಟೆಗೆ ಹೋಗಬೇಕಾಗುವುದಿಲ್ಲ.

ಹಣದ ಕೊರತೆಯ ಕಾರಣವನ್ನು ಈ ಭಾಗದ ಮಟ್ಟಿಗೆ ಪೂರ್ತಿಯಾಗಿ ಒಪ್ಪಲಾಗದು. ಸಂವಿಧಾನದ 371(ಜೆ) ವಿಧಿಯು ಹಿಂದಿನ ಹೈದರಾಬಾದ್ ಕರ್ನಾಟಕಕ್ಕೆ, ಇಂದಿನ ಕಲ್ಯಾಣ ಕರ್ನಾಟಕಕ್ಕೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನು ಕೊಟ್ಟಿದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಕಲಬುರಗಿಯಲ್ಲಿಯೇ ಇದೆ. ಕೊರತೆಯಿರುವುದು ಜೋಡಣೆಯಲ್ಲಿ. ಸ್ಮಾರಕ ಕೇಂದ್ರದ ಇಲಾಖೆಯದು, ರಸ್ತೆ ಪಾಲಿಕೆಯದು, ದರ್ಗಾ ಮತ್ತು ಗುಡಿಗಳು ಆಯಾ ಸಂಸ್ಥೆಗಳವು, ಬಸ್ಸು ನಿಗಮದ್ದು, ಹಳಿ ರೈಲ್ವೆಯದು. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಒಪ್ಪಿದ ಕೆಲಸಕ್ಕೆ ದಿನಾಂಕ ಕಟ್ಟುವ ಅಧಿಕಾರ ತಮ್ಮ ಸ್ಥಾನಕ್ಕೆ ಮಾತ್ರ ಇದೆ.

ಆದ್ದರಿಂದ ಕುಸನೂರ ಮತ್ತು ಕಲಬುರಗಿಯ ನಾಗರಿಕರ ಬೇಡಿಕೆ ದೊಡ್ಡ ಪ್ರತಿಮೆಯಲ್ಲ, ಮೂರು ದಿನದ ಉತ್ಸವವೂ ಅಲ್ಲ. ಜಿಲ್ಲೆಯ ಪ್ರವಾಸೋದ್ಯಮದ ವರದಿಯಲ್ಲಿ ಭೇಟಿಯ ಜೊತೆಗೆ ತಂಗನ್ನೂ ಎಣಿಸುವಂತಾಗಲಿ. ಗಾಣಗಾಪುರ, ಸೊಲ್ಲಾಪುರ ಮತ್ತು ಹೈದರಾಬಾದುಗಳಲ್ಲಿ ಮರಾಠಿ, ತೆಲುಗು, ಉರ್ದುಗಳಲ್ಲಿ ಈ ನಗರದ ಪರಿಚಯ ಸಿಗಲಿ. ಕೋಟೆಯ ಕುಟುಂಬಗಳೊಂದಿಗೆ ಮಾತುಕತೆ ಆರಂಭವಾಗಲಿ. ಮೇ ತಿಂಗಳ ಬಿಸಿಲಿನಲ್ಲಿ ಈ ನಾಡನ್ನು ಸುತ್ತುವುದು ಕಷ್ಟವಾದ್ದರಿಂದ ಅಕ್ಟೋಬರಿನಿಂದ ಫೆಬ್ರುವರಿಯವರೆಗೆ, ಕಲಬುರಗಿ ರೈಲು ನಿಲ್ದಾಣದಿಂದ ಪ್ರತಿದಿನ ಬೆಳಗ್ಗೆ ಒಂದು ಬಸ್ಸು ಹೊರಟು, ಮೊದಲ ದಿನ ನಗರದ ಸ್ಮಾರಕಗಳನ್ನೂ ಬುದ್ಧ ವಿಹಾರವನ್ನೂ, ಎರಡನೆಯ ದಿನ ಮಳಖೇಡ ಮತ್ತು ಸನ್ನತಿಗಳನ್ನೂ ತೋರಿಸಿ ಮರಳುವ ವ್ಯವಸ್ಥೆಗೆ ತಾವು ಬರುವ ಚಳಿಗಾಲಕ್ಕೆ ಮೊದಲೇ ಆದೇಶ ನೀಡಬೇಕೆಂದು ಈ ಸೀಮೆಯ ಜನರ ಪರವಾಗಿ ವಿನಂತಿಸಲಾಗಿದೆ.

ಗೌರವಪೂರ್ವಕವಾಗಿ,
ಕುಸನೂರದ ನಾಗರಿಕರ ಪರವಾಗಿ,
ಕಲಬುರಗಿ.